ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ದೋಷಪತ್ತೆ

ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ದೋಷಪತ್ತೆ ಎಂದರೆ ಉಬುಂಟು, ಫೆಡೋರಾ, ಡೆಬಿಯನ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳ ದಿನಬಳಕೆಯಲ್ಲಿ ತಲೆದೋರುವ ತೊಡಕುಗಳ ಕಾರಣವನ್ನು ಗುರುತಿಸಿ ಸರಿಪಡಿಸುವ ಕ್ರಮ. ಯಂತ್ರಾಂಶಕ್ಕೂ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ತಿರುಳು ಭಾಗವನ್ನು ಕರ್ನಲ್ ಎನ್ನುತ್ತಾರೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್ ಯುನಿಕ್ಸ್ ಪರಂಪರೆಯ ಜಾಡಿನಲ್ಲಿ ಬೆಳೆದುದರಿಂದ, ನಡೆದುದನ್ನು ದಾಖಲಿಸಿಡುವುದೂ ಸಂಯೋಜನೆಗಳನ್ನು ಓದಬಲ್ಲ ಪಠ್ಯ ಕಡತಗಳಲ್ಲಿಡುವುದೂ ಈ ವ್ಯವಸ್ಥೆಗಳಲ್ಲಿ ರೂಢಿಯಾಗಿದೆ. ಆದಕಾರಣ ತೊಡಕು ಬಂದೊಡನೆ ಎಲ್ಲವನ್ನೂ ಅಳಿಸಿ ಮರುಸ್ಥಾಪಿಸುವುದು ಬಹುತೇಕ ಸಂದರ್ಭಗಳಲ್ಲಿ ಅನಗತ್ಯ. ಕಾರಣದ ಸುಳಿವೂ ಅದರೊಂದಿಗೆ ಅಳಿಸಿಹೋಗುವುದರಿಂದ ಹಾನಿಕರವೂ ಹೌದು.

2010ರಲ್ಲಿ ಹೊರಬಂದ ಸಿಸ್ಟಮ್‌ಡಿ ಎಂಬ ನಿರ್ವಹಣಾ ತಂತ್ರಾಂಶವು ಇಂದಿನ ಪ್ರಮುಖ ಲಿನಕ್ಸ್ ವ್ಯವಸ್ಥೆಗಳಲ್ಲಿ ಕರ್ನಲ್ಲಿನ ಮತ್ತು ಸೇವೆಗಳ ಸಂದೇಶಗಳನ್ನು ಒಂದೇ ದಿನಚರಿಯಲ್ಲಿ ಸಂಗ್ರಹಿಸುತ್ತದೆ; ಜರ್ನಲ್‌ಸಿಟಿಎಲ್ ಎಂಬ ಆದೇಶದಿಂದ ಅದನ್ನು ಓದಬಹುದು. ದಿನಚರಿ ಡಿಸ್ಕಿನಲ್ಲಿ ಕಾಯಂ ಉಳಿಯುವ ಏರ್ಪಾಡಿದ್ದರೆ, ಯಂತ್ರ ಸ್ತಬ್ಧವಾಗಿ ಮತ್ತೆ ಚಾಲೂ ಮಾಡಿದ ಮೇಲೂ ಹಿಂದಿನ ಸರದಿಯ ಸಂದೇಶಗಳು ಸಿಗುತ್ತವೆ. ಆರೋಗ್ಯವಾಗಿರುವ ಯಂತ್ರದಲ್ಲಿಯೂ ಕೆಂಪಕ್ಷರದ ಸಾಲುಗಳು ಹಲವಿರುವುದರಿಂದ, ಸಾಲಿನ ಬಣ್ಣಕ್ಕಿಂತ ತೊಡಕು ಸಂಭವಿಸಿದ ಗಳಿಗೆಗೆ ಅದರ ಸಮಯ ತಾಳೆಯಾಗುವುದೇ ಎಂಬುದು ಮುಖ್ಯ.

ಗುಪ್ತಪದ ಸರಿಯಾಗಿದ್ದರೂ ಪ್ರವೇಶದ ಪರದೆಯೇ ಮರಳಿ ಬರುವುದಕ್ಕೆ ಡಿಸ್ಕ್ ತುಂಬಿರುವುದು ಒಂದು ಸಾಮಾನ್ಯ ಕಾರಣ. ಚಿತ್ರಾತ್ಮಕ ಪರಿಸರ ತೆರೆಯುವಾಗ ಬಳಕೆದಾರನ ಕಡತಕೋಶದಲ್ಲಿ ಕೆಲವು ಸಣ್ಣ ಕಡತಗಳನ್ನು ಬರೆಯಬೇಕಾಗುತ್ತದೆ, ಜಾಗವಿಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ಪಠ್ಯ ಪರದೆಗೆ ಹೋಗಿ, ಡಿಎಫ್ ಆದೇಶದಿಂದ ಉಳಿದ ಜಾಗವನ್ನು ನೋಡಿ, ಹಳೆಯ ದಿನಚರಿಯನ್ನೂ ಡೌನ್‌ಲೋಡ್ ಆದ ಪ್ಯಾಕೇಜುಗಳನ್ನೂ ತೆಗೆದರೆ ಸಾಮಾನ್ಯವಾಗಿ ದಾರಿ ತೆರೆಯುತ್ತದೆ. ಎಕ್ಸ್ಟ್4 ಕಡತ ವ್ಯವಸ್ಥೆ ಶೇ. 5ರಷ್ಟು ಜಾಗವನ್ನು ರೂಟ್ ಎಂಬ ನಿರ್ವಾಹಕ ಖಾತೆಗೆ ತಾನಾಗಿಯೇ ಕಾದಿರಿಸುವುದು ಇಂಥ ವೇಳೆಗೆ ಒದಗಿಬರುತ್ತದೆ. ಕಡತವನ್ನು ಅಳಿಸಿದರೂ ಜಾಗ ಬಿಡುವಾಗದಿದ್ದರೆ, ಯಾವುದೋ ತಂತ್ರಾಂಶ ಅದನ್ನಿನ್ನೂ ತೆರೆದಿಟ್ಟುಕೊಂಡಿದೆ ಎಂದರ್ಥ. ಆ ತಂತ್ರಾಂಶವನ್ನು ಮುಚ್ಚುವವರೆಗೆ ಜಾಗ ಮರಳುವುದಿಲ್ಲ.

ಒಂದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ಭಾರತದಲ್ಲಿ ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪುವುದುಂಟು. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನು, ಲಿನಕ್ಸ್ ಸಾರ್ವತ್ರಿಕ ಸಮಯವನ್ನು ಇಡುವುದರಿಂದ ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದಾಗ ಗಂಟೆ ಮುಂದಕ್ಕೂ, ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದಾಗ ಹಿಂದಕ್ಕೂ ಸರಿಯುತ್ತದೆ. ಎರಡರಲ್ಲೊಂದನ್ನು ಇನ್ನೊಂದರ ಪದ್ಧತಿಗೆ ಒಗ್ಗಿಸಿದರೆ ಸಾಕು. ವಿಂಡೋಸ್‌ನ ವೇಗಾರಂಭ ಸೌಲಭ್ಯ ಚಾಲ್ತಿಯಲ್ಲಿದ್ದರೆ ಯಂತ್ರ ಪೂರ್ಣವಾಗಿ ಆರದೆ, ಡಿಸ್ಕಿನ ವಿಂಡೋಸ್ ವಿಭಾಗ ಲಿನಕ್ಸ್‌ನಲ್ಲಿ ಓದಲಷ್ಟೇ ಸಿಗಬಹುದು.

ಕನ್ನಡ ಬಳಕೆದಾರರನ್ನು ಕಾಡುವ ಅಕ್ಷರದೋಷಗಳಲ್ಲಿ ಎರಡು ಬಗೆಗಳಿವೆ. ಚೌಕಗಳು ಕಂಡರೆ ಫಾಂಟ್ ಇಲ್ಲವೆಂದರ್ಥ, ಲೋಹಿತ್ ಅಥವಾ ನೋಟೋ ಕನ್ನಡ ಫಾಂಟನ್ನು ಸ್ಥಾಪಿಸಿದರೆ ಸರಿಹೋಗುತ್ತದೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ದೋಷ ಹೆಚ್ಚಾಗಿ ಅಕ್ಷರ ಜೋಡಣೆಯದು; ಹಾರ್ಫ್‌ಬಜ್‌ನಂತಹ ಜೋಡಣಾ ತಂತ್ರಾಂಶವನ್ನು ಬಳಸುವ ಅನ್ವಯಗಳಲ್ಲಿ ಸರಿಯಾಗಿ ಮೂಡುವ ಅದೇ ಪಠ್ಯ, ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಮನೆ ಹಾಕುವ ಟರ್ಮಿನಲ್ಲಿನಲ್ಲಿ ಒಡೆಯುವುದು ಇದರಿಂದಲೇ.