ಓದಿದವರೂ ದುಡಿದವರೂ ಕೂಡಿದ ವಿಮಾನಪುರ



ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ನಮ್ಮ ಮಗ್ಗುಲಲ್ಲೇ ಇರುವ ವಿಮಾನ ಕಾರ್ಖಾನೆಯ ಚರಿತ್ರೆಯನ್ನು ಒಂದಿಷ್ಟು ನೆನೆಯೋಣ. ಓದಿದವರ ಲೆಕ್ಕ, ಕೆಲಸಗಾರರ ಕೈ, ಸಾಮಾನಿನ ಸರಬರಾಜು ಈ ಮೂರೂ ಕೂಡಿದರೆ ಏನಾಗುತ್ತದೆ, ಒಂದು ತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ.

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಅದು ಮಹಾಯುದ್ಧದ ಕಾಲ. ಹೊಸ ವಿಮಾನ ಕಟ್ಟೋದಕ್ಕಿಂತ ಕೆಟ್ಟು ಬಂದವುಗಳ ರಿಪೇರಿಯೇ ದೊಡ್ಡ ಕೆಲಸವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ನಮ್ಮ ಬೆಳ್ಳಂದೂರು ಕೆರೆಗೇ ಬಂದಿಳಿಯುತ್ತಿದ್ದವು. ರಿಪೇರಿ ಅಂದಮೇಲೆ ಬಿಡಿಭಾಗ ಹೊತ್ತಿಗೆ ಸರಿಯಾಗಿ ಕೈಗೆ ಬರಬೇಕು. ಒಂದು ಬೋಲ್ಟು ಬಾರದಿದ್ದರೂ ವಿಮಾನ ನೆಲ ಬಿಟ್ಟು ಏಳೋದಿಲ್ಲ.

ಕೈಕೆಲಸದ ಜೊತೆಗೆ ವಿದ್ಯೆಯೂ ಬೇಕಿತ್ತು. ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಅದನ್ನು ಮುನ್ನಡೆಸಿದ ಡಾ. ವಿ. ಎಂ. ಘಾಟಗೆಯವರು ಪಾಠ ಹೇಳುವುದಕ್ಕಷ್ಟೇ ನಿಲ್ಲಲಿಲ್ಲ. ಮುಂದೆ ಕಾರ್ಖಾನೆಗೇ ಬಂದು ವಿನ್ಯಾಸದ ಹೊಣೆ ಹೊತ್ತರು. ಅದರ ಫಲವಾಗಿ 1951ರಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನ ಇಲ್ಲಿಂದ ಹಾರಿತು.

ಇನ್ನೊಂದು ಮುಖವನ್ನೂ ಹೇಳಲೇಬೇಕು. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ತಜ್ಞರು ಬಂದು ನಮ್ಮವರ ಜೊತೆ ದುಡಿದರು. 1961ರ ಜೂನ್ 17ರಂದು ಮಾರುತ್ ಯುದ್ಧವಿಮಾನ ಹಾರಿತು. ಆದರೆ ಅದಕ್ಕೆಂದು ಎಣಿಸಿದ್ದ ಹೆಚ್ಚು ಶಕ್ತಿಯ ಇಂಗ್ಲಿಷ್ ಎಂಜಿನ್ ಬರಲೇ ಇಲ್ಲ; ಅದನ್ನು ಸಿದ್ಧಪಡಿಸುವ ಖರ್ಚು ಹೊರಲು ನಮ್ಮ ಸರ್ಕಾರ ಒಪ್ಪಲಿಲ್ಲ. ಸಿಕ್ಕ ಚಿಕ್ಕ ಎಂಜಿನ್ನುಗಳಿಂದಲೇ ಕೊನೆವರೆಗೂ ಸಾಗಬೇಕಾಯಿತು. ವಿನ್ಯಾಸ ಚೆನ್ನಾಗಿತ್ತು, ಕೆಲಸಗಾರರು ಹಿಂದೆ ಬೀಳಲಿಲ್ಲ; ಸರಬರಾಜಿನ ಕೊಂಡಿ ಮಾತ್ರ ಕಳಚಿತ್ತು.

ಇದು ನಮಗೂ ಹೊಂದುವ ಮಾತು. ಬಿತ್ತನೆ ಬೀಜವೋ ಗೊಬ್ಬರವೋ ಹದ ತಪ್ಪಿದ ಮೇಲೆ ಬಂದರೆ ಏನು ಪ್ರಯೋಜನ? ಕಾಲೇಜಿನಲ್ಲಿ ಓದಿದ ನಮ್ಮ ಮಕ್ಕಳು ಸಂಘದ ಗೋದಾಮಿಗೂ ಬರಲಿ, ಲೆಕ್ಕ ನೋಡಲಿ. ಗೋದಾಮಿನಲ್ಲಿ ಮೂಟೆ ಹೊತ್ತವರ ಮಾತನ್ನು ಅವರು ಕೇಳಲಿ. ಇಬ್ಬರೂ ಒಂದೇ ಜಗುಲಿಯಲ್ಲಿ ಕೂತಾಗಲೇ ಸಂಘ ಬೆಳೆಯೋದು.