ದಿನಾಂಕಕ್ಕೆ ಸಿಕ್ಕಿಬಿದ್ದ ಪಿಂಚಣಿ

ಸರ್ಕಾರಿ ನೌಕರರ ನಿವೃತ್ತಿ ಸೌಲಭ್ಯದ ಮಾತು ಬಂದರೆ ಸಾಕು, ಚರ್ಚೆ ಹಳೆಯ ಪಿಂಚಣಿ ಪದ್ಧತಿ (ಒಪಿಎಸ್) ಬೇಕೋ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ (ಎನ್‌ಪಿಎಸ್) ಸಾಕೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಬ್ಬರು ಖಜಾನೆಯ ಹೊರೆ ಎನ್ನುತ್ತಾರೆ, ಇನ್ನೊಬ್ಬರು ಹಕ್ಕು ಎನ್ನುತ್ತಾರೆ. ಆದರೆ ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಜಗಳ ಹುಟ್ಟಿಸಿದ್ದು ಆದೇಶಗಳಲ್ಲಿ ಕೂತಿರುವ ದಿನಾಂಕಗಳು. ಅದನ್ನು ಗಮನಿಸುವವರು ಕಡಿಮೆ.

ಪಿಂಚಣಿಯ ಇತಿಹಾಸದ ಮೊದಲ ಘಟ್ಟ ಬೇಗ ಮುಗಿಯುತ್ತದೆ. 1871ರ ಪಿಂಚಣಿ ಕಾಯ್ದೆಯ ಪ್ರಕಾರ, ಪಿಂಚಣಿ ಸಿಗದವರು ನೇರವಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿರಲಿಲ್ಲ. ಪಿಂಚಣಿ ದೊರೆಯ ಕೃಪೆ ಎಂಬ ಭಾವನೆ ಆಗಿನದು. ಮೈಸೂರು ಸಂಸ್ಥಾನ ಮಾತ್ರ 1891ರಲ್ಲೇ ತನ್ನ ನೌಕರರಿಗಾಗಿ ಜೀವವಿಮೆ ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಮೂಲ ಅದೇ. ಮುಂದೆ 1958ರಲ್ಲಿ ರಾಜ್ಯದ ಸೇವಾ ನಿಯಮಾವಳಿ, 1964ರಲ್ಲಿ ಕುಟುಂಬ ಪಿಂಚಣಿ ನಿಯಮಗಳು ಬಂದವು.

ನಿಜವಾದ ತಿರುವು 1982ರ ಡಿಸೆಂಬರ್ 17ರದು. 1979ರ ಮಾರ್ಚ್ 31ರಂದು ಅಥವಾ ಆನಂತರ ನಿವೃತ್ತರಾದವರಿಗಷ್ಟೇ ಹೆಚ್ಚಿನ ಪಿಂಚಣಿ ಸೂತ್ರ ಎಂದು ಕೇಂದ್ರ ಹೇಳಿತ್ತು. ಅದನ್ನು ಪ್ರಶ್ನಿಸಿದ ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಗೆರೆಯನ್ನೇ ಅಳಿಸಿಹಾಕಿತು. ಪಿಂಚಣಿ ಭಿಕ್ಷೆಯಲ್ಲ, ದುಡಿದ ಸೇವೆಯ ಫಲ ಎಂಬುದು ಆ ತೀರ್ಪಿನ ತಿರುಳು. ಒಂದು ದಿನ ಹಿಂದೆಮುಂದೆ ನಿವೃತ್ತರಾದ ಮಾತ್ರಕ್ಕೆ ಇಬ್ಬರನ್ನು ಎರಡು ಜಾತಿ ಮಾಡಲಾಗದು ಎಂದ ಆ ತೀರ್ಪಿಗೆ ಸಮನಾದುದು ಈ ಕ್ಷೇತ್ರದಲ್ಲಿ ಆಮೇಲೆ ಬಂದಿಲ್ಲ. ಡಿಸೆಂಬರ್ 17ನ್ನು ನಿವೃತ್ತರು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ.

ಅಳಿಸಿದ ಗೆರೆ ಮತ್ತೆ ಮೂಡಿತು. ಕೇಂದ್ರ 2004ರ ಜನವರಿ 1ರಿಂದ, ಕರ್ನಾಟಕ 2006ರ ಏಪ್ರಿಲ್ 1ರಿಂದ ಹೊಸದಾಗಿ ಸೇರುವವರನ್ನು ಎನ್‌ಪಿಎಸ್‌ಗೆ ಒಳಪಡಿಸಿದವು. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10 ನೌಕರರದು; ಸರ್ಕಾರದ ವಂತಿಗೆ ಈಗ ಶೇ 14. ನಿವೃತ್ತಿಯಾದಾಗ 30 ಲಕ್ಷ ಕೂಡಿದ್ದು, ಕನಿಷ್ಠ ಮಿತಿಯಾದ ಶೇ 40ರಷ್ಟನ್ನು, ಅಂದರೆ 12 ಲಕ್ಷವನ್ನು, ವರ್ಷಾಶನಕ್ಕೆ (ಆನ್ಯುಯಿಟಿ) ತೊಡಗಿಸಿದರೆನ್ನಿ. ಶೇ 6ರ ಲೆಕ್ಕದಲ್ಲಿ ಕೈಗೆ ಬರುವುದು ತಿಂಗಳಿಗೆ 6,000 ರೂಪಾಯಿ. ಹಳೆಯ ಪಿಂಚಣಿಯ ಹಾಗೆ ಅದರ ಮೇಲೆ ತುಟ್ಟಿಭತ್ಯೆ ಏರುವುದಿಲ್ಲ. ಉಳಿದ 18 ಲಕ್ಷ ಮನೆ, ಮದುವೆ, ಆಸ್ಪತ್ರೆ ಎಂದು ಎಷ್ಟು ದಿನ ನಿಲ್ಲುತ್ತದೆ? ಹಣ ಕೂಡಿಸುವ ಲೆಕ್ಕ ಎಲ್ಲರಿಗೂ ಬಾಯಿಪಾಠ, ವರ್ಷಾಶನದ ಲೆಕ್ಕ ಹೇಳಿಕೊಡುವವರೇ ಇಲ್ಲ.

ರಾಜ್ಯದಲ್ಲಿ 2006ರ ಏಪ್ರಿಲ್‌ಗೂ ಮುಂಚೆ ನೇಮಕಾತಿ ಅಧಿಸೂಚನೆ ಹೊರಬಿದ್ದರೂ, ಪ್ರಕ್ರಿಯೆ ಎಳೆದಾಡಿದ್ದರಿಂದ ತಡವಾಗಿ ಸೇರಿದವರದು ಇನ್ನೊಂದು ಕಥೆ. ತಡ ಮಾಡಿದ್ದು ಸರ್ಕಾರ, ದಂಡ ತೆತ್ತದ್ದು ನೌಕರರು. ಇಂಥ ಸುಮಾರು 13,000 ಮಂದಿಗೆ ಹಳೆಯ ಪಿಂಚಣಿ ದಕ್ಕಿದ್ದು 2024ರ ಜನವರಿಯ ಆದೇಶದಿಂದ.

ಅದೇ ವರ್ಷ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು ಜಾರಿಯಾಯಿತು. ಕನಿಷ್ಠ ಪಿಂಚಣಿ 8,500ರಿಂದ 13,500ಕ್ಕೆ ಏರಿದ್ದು ಒಳ್ಳೆಯ ಕೆಲಸವೇ. ಆದರೆ ಪರಿಷ್ಕೃತ ವೇತನ 2022ರ ಜುಲೈ 1ರಿಂದ ಕಾಗದದ ಮೇಲಷ್ಟೇ ಅನ್ವಯವಾಗಿ, ಹಣ ಸಿಕ್ಕಿದ್ದು 2024ರ ಆಗಸ್ಟ್ 1ರಿಂದ. ಈ ನಡುವೆ ನಿವೃತ್ತರಾದವರ ಉಪದಾನ, ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಇಡಿಗಂಟಾಗಿ ಪಡೆಯುವುದು), ಗಳಿಕೆ ರಜೆ ನಗದೀಕರಣ ಎಲ್ಲವೂ ಹಳೆಯ ವೇತನದ ಮೇಲೆಯೇ ನಿಂತವು. ಹಳೆಯ ಶ್ರೇಣಿಯಲ್ಲಿ 50,000 ಮೂಲವೇತನವಿದ್ದವರಿಗೆ ಹೊಸ ಶ್ರೇಣಿಯಲ್ಲಿ 79,000 ದಾಟುತ್ತದೆ. ಪೂರ್ಣ ಸೇವೆಯ ಪಿಂಚಣಿಯ ಮೂರನೇ ಒಂದು ಭಾಗವನ್ನು ಕಮ್ಯುಟ್ ಮಾಡಿದರೆ, 2024ರ ಜುಲೈ 31ಕ್ಕೆ ಹೋದವರಿಗೆ ಆ ಭಾಗ ತಿಂಗಳ ಲೆಕ್ಕದಲ್ಲಿ 8,333 ರೂಪಾಯಿ. ಆಗಸ್ಟ್ 31ಕ್ಕೆ ಹೋದವರಿಗೆ 13,000ಕ್ಕೂ ಹೆಚ್ಚು.

ಕೇಂದ್ರದ ಏಕೀಕೃತ ಪಿಂಚಣಿ 2025ರ ಏಪ್ರಿಲ್ 1ರಿಂದ ಬಂದಿದೆ. ಅಲ್ಲೂ ಒಂದು ಗೆರೆಯಿದೆ: 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಾತರಿ. ತಡವಾಗಿ ನೌಕರಿ ಸಿಕ್ಕವರಿಗೆ ಅಷ್ಟು ಸೇವೆ ಎಲ್ಲಿಂದ ಬರಬೇಕು?

ರಾಜ್ಯ ಯಾವ ಪದ್ಧತಿಯನ್ನೇ ಒಪ್ಪಲಿ, ಮುಂದಿನ ಆದೇಶದಲ್ಲಿ ದಿನಾಂಕ ನಮೂದಿಸುವ ಮುನ್ನ ಅದರಿಂದ ಹೊರಗುಳಿಯುವವರು ಎಷ್ಟು ಮಂದಿ, ಯಾಕೆ ಎಂಬುದನ್ನು ಬರೆದು ತಿಳಿಸಲಿ.