ರಾಣಿಯರ ಚರಿತ್ರೆ, ತಂಗಿಯರ ಕಾಗದ

ಮೂವತ್ತು ವರ್ಷಗಳಿಂದ ಮಕ್ಕಳಿಗೆ ಇತಿಹಾಸದ ಪಾಠ ಹೇಳುತ್ತ ಬಂದವಳು ನಾನು. ರಾಜರ ವಂಶಾವಳಿಯನ್ನು ಬಾಯಿಪಾಠ ಮಾಡಿಸುವುದು ಸುಲಭ. ಆದರೆ ಕಡಲು ದಾಟಿ ಹೋದ ಒಬ್ಬ ಹೆಂಗಸಿನ ಮನೆತನದ ಜಾಡು ಹಿಡಿಯುವುದು ಎಷ್ಟು ಕಷ್ಟವೆಂದು ತಿಳಿದದ್ದು ಕ್ಯಾಥರೀನ್ ಪಾರ್ ಟ್ರೇಲ್ ಎಂಬ ಇಂಗ್ಲಿಷ್ ಮಹಿಳೆಯ ಬದುಕನ್ನು ಓದಿದಾಗ.

ಕ್ಯಾಥರೀನ್ ಹುಟ್ಟಿದ್ದು 1802ರಲ್ಲಿ. ಬೆಳೆದದ್ದು ಇಂಗ್ಲೆಂಡಿನ ಪೂರ್ವ ಭಾಗದ ಸಫೊಕ್ ಸೀಮೆಯಲ್ಲಿ. ತವರು ಸ್ಟ್ರಿಕ್‌ಲ್ಯಾಂಡ್ ಮನೆತನ. ಆರು ಹೆಣ್ಣು, ಎರಡು ಗಂಡು. 1818ರಲ್ಲಿ ತಂದೆ ತೀರಿಕೊಂಡಾಗ ಮನೆಯೇನೋ ದೊಡ್ಡದಿತ್ತು, ಕೈಯಲ್ಲಿ ಕಾಸಿರಲಿಲ್ಲ. ಆರು ಹೆಣ್ಣುಮಕ್ಕಳಲ್ಲಿ ಐವರು ಲೇಖನಿ ಹಿಡಿದರು. ಸಣ್ಣ ಪಿಂಚಣಿಯ ಸೈನ್ಯಾಧಿಕಾರಿಗಳನ್ನು ಮದುವೆಯಾದ ಕ್ಯಾಥರೀನ್ ಮತ್ತು ಆಕೆಯ ತಂಗಿ ಸುಸಾನಾ ಮೂಡಿ 1832ರಲ್ಲಿ ಬೇರೆ ಬೇರೆ ಹಡಗು ಹತ್ತಿ ಕೆನಡಾಕ್ಕೆ ಹೊರಟರು. ಅಲ್ಲಿ ಭೂಮಿ ಸಿಗುತ್ತದೆಂಬ ಆಸೆ. ಆ ವರ್ಷ ಅಲ್ಲಿ ಕಾಲರಾ. ಮಾಂಟ್ರಿಯಲ್ ಮುಟ್ಟುತ್ತಲೇ ಕ್ಯಾಥರೀನ್ ಕಾಯಿಲೆ ಬಿದ್ದು, ಹೇಗೋ ಬದುಕಿಕೊಂಡಳು.

ಇಂಥವಳ ವಂಶವನ್ನು ಹುಡುಕುವುದು ಹೇಗೆ? ಇಂಗ್ಲೆಂಡಿನಲ್ಲಿ ಸರಕಾರಿ ಜನನ ಮರಣ ನೋಂದಣಿ ಶುರುವಾದದ್ದು 1837ರಲ್ಲಿ. ದೇಶದ ಉದ್ದಗಲಕ್ಕೂ ಮನೆಮಂದಿಯ ಹೆಸರು ಬರೆದಿಟ್ಟ ಜನಗಣತಿ ನಮಗೆ ಸಿಗುವುದು 1841ರಿಂದ. ಅಷ್ಟರಲ್ಲಿ ಅಕ್ಕತಂಗಿಯರು ಊರು ಬಿಟ್ಟಾಗಿತ್ತು. ಕ್ವೆಬೆಕ್ ಬಂದರಿಗೆ 1865ಕ್ಕೆ ಮೊದಲು ಬಂದ ಹಡಗುಗಳ ಪ್ರಯಾಣಿಕರ ಪಟ್ಟಿ ಉಳಿದಿರುವುದೂ ಬಲು ಕಡಿಮೆ. ಉಳಿದ ದಾರಿ ಚರ್ಚಿನ ದಫ್ತರ. ಜ್ಞಾನಸ್ನಾನ, ಮದುವೆ, ಮಣ್ಣು, ಈ ಮೂರನ್ನೂ ಬರೆದಿಡಬೇಕೆಂದು 1538ರಲ್ಲೇ ಅಲ್ಲಿ ಆಜ್ಞೆಯಾಗಿತ್ತು. ಸಾಮಾನ್ಯವಾಗಿ ಮದುವೆಯ ಆ ಒಂದು ದಾಖಲೆಯಲ್ಲೇ ಹೆಣ್ಣಿನ ತವರಿನ ಹೆಸರೂ ಗಂಡನ ಹೆಸರೂ ಒಟ್ಟಿಗೆ ನಿಲ್ಲುತ್ತವೆ. ಅದು ಕೈತಪ್ಪಿದರೆ ಆ ಹೆಣ್ಣು ಯಾರ ಮಗಳೆಂದು ಹೇಳುವುದೇ ಕಷ್ಟ.

ಕ್ಯಾಥರೀನಳ ವಿಷಯದಲ್ಲಿ ಹಾಗಾಗಲಿಲ್ಲ. ಕಾರಣ, ಆಕೆ ಬರೆದಳು. ಕಾಡಿನ ನಡುವಿನ ಮರದ ದಿಮ್ಮಿಯ ಮನೆಯಿಂದ ತಾಯಿಗೆ, ತವರಿನವರಿಗೆ ಬರೆದ ಕಾಗದಗಳೇ 1836ರಲ್ಲಿ 'ದಿ ಬ್ಯಾಕ್‌ವುಡ್ಸ್ ಆಫ್ ಕೆನಡಾ' ಎಂಬ ಪುಸ್ತಕವಾದವು. 1854ರಲ್ಲಿ ವಲಸೆ ಬರುವ ಹೆಂಗಸರಿಗಾಗಿಯೇ ಒಂದು ಕೈಪಿಡಿ ಬರೆದಳು. ಬ್ರೆಡ್ಡಿನ ಹಿಟ್ಟು ಹುದುಗಿಸುವುದು, ಮೇಪಲ್ ಮರದ ರಸ ಕಾಯಿಸಿ ಸಕ್ಕರೆ ತೆಗೆಯುವುದು, ಸೇಬು ಒಣಗಿಸಿಡುವುದು, ಎಲ್ಲವೂ ಅದರಲ್ಲಿವೆ. ಒಂಬತ್ತು ಹೆತ್ತಳು, ಎರಡನ್ನು ಎಳೆತನದಲ್ಲೇ ಕಳೆದುಕೊಂಡಳು. 1857ರಲ್ಲಿ ಮನೆ ಸುಟ್ಟುಹೋಯಿತು. ಎರಡು ವರ್ಷಕ್ಕೆ ಗಂಡನೂ ಹೋದ. ಆಮೇಲೂ ಬರೆದಳು. 1868ರಲ್ಲಿ ಕೆನಡಾದ ಕಾಡುಹೂಗಳ ಬಗ್ಗೆ ಪುಸ್ತಕ ತಂದಾಗ ಅದಕ್ಕೆ ಚಿತ್ರ ಬರೆದವಳು ಸುಸಾನಾಳ ಮಗಳು. 1899ರಲ್ಲಿ ತೀರಿಕೊಂಡಾಗ ಕ್ಯಾಥರೀನಳಿಗೆ ತೊಂಬತ್ತೇಳು ವರ್ಷ.

ಇತ್ತ ಇಂಗ್ಲೆಂಡಿನಲ್ಲಿ ಅಕ್ಕಂದಿರಾದ ಆಗ್ನೆಸ್ ಮತ್ತು ಎಲಿಜಬೆತ್ ಸೇರಿ ಇಂಗ್ಲೆಂಡಿನ ರಾಣಿಯರ ಚರಿತ್ರೆಯನ್ನು 1840ರಿಂದ 48ರ ತನಕ ಹನ್ನೆರಡು ಸಂಪುಟಗಳಲ್ಲಿ ಬರೆದರು. ಎಲಿಜಬೆತ್ ತನ್ನ ಹೆಸರು ಹಾಕಲು ಒಪ್ಪಲಿಲ್ಲವಾಗಿ ಪುಸ್ತಕದ ಮೇಲೆ ಬಂದದ್ದು ಆಗ್ನೆಸ್ ಹೆಸರು ಮಾತ್ರ. 1852ರಲ್ಲಿ ಸುಸಾನಾ ಕಾಡಿನ ಬದುಕಿನ ಬಡತನವನ್ನು ಇದ್ದಂತೆ ಬರೆದು ಆ ಪುಸ್ತಕವನ್ನು ಆಗ್ನೆಸ್‌ಗೇ ಅರ್ಪಿಸಿದಾಗ ಅಕ್ಕನಿಗೆ ಬಂದದ್ದು ಕೋಪ. ಮನೆತನದ ಮಾನ ಹೋಯಿತೆಂಬ ಕೊರಗು! ಆದರೆ ಆ ಮನೆತನ ಕಾಡಿನಲ್ಲಿ ಹೇಗೆ ಬಾಳಿತೆಂದು ಇಂದು ನಮಗೆ ತಿಳಿಯುವುದು ತಂಗಿಯರು ನಾಚದೆ ಬರೆದದ್ದರಿಂದಲೇ ಅಲ್ಲವೆ?

ನಮ್ಮ ಎಷ್ಟೋ ಮನೆಗಳ ವಂಶವೃಕ್ಷದಲ್ಲೂ ಗಂಡುಮಕ್ಕಳ ಹೆಸರೇ ಕೊಂಬೆ ಕೊಂಬೆಗೆ. ನಿಮ್ಮ ಅಜ್ಜಿಯ ತಾಯಿಯ ಹೆಸರೇನು, ಆಕೆಯ ತವರೂರು ಯಾವುದು? ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳಿ, ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಜೊತೆಗೆ ಆಕೆ ಏನು ಅಡಿಗೆ ಮಾಡುತ್ತಿದ್ದಳು, ಯಾವುದಕ್ಕೆ ಅತ್ತಳು ಎಂಬುದನ್ನೂ.